ಪಕ್ಕದ ಹೊಲ ನೋಡಿ ಟೊಮೆಟೊ ನಾಟಿ: ಯಾರು ಯಾರನ್ನು ಅನುಸರಿಸುತ್ತಾರೆ ಎಂದು ಮೊದಲೇ ಹೇಳಬಹುದೇ?

ಪ್ರಶ್ನೆ: ನಾನು ಕೋಲಾರ ಜಿಲ್ಲೆಯ ಶ್ರೀನಿವಾಸಪುರ ತಾಲ್ಲೂಕಿನಲ್ಲಿ ತರಕಾರಿ ಸಸಿಗಳ ನರ್ಸರಿ ನಡೆಸುತ್ತಿದ್ದೇನೆ. ಮುಖ್ಯವಾಗಿ ಟೊಮೆಟೊ, ಜೊತೆಗೆ ಕ್ಯಾಪ್ಸಿಕಂ, ಎಲೆಕೋಸು, ಚೆಂಡುಹೂ. 2023ರ ಜುಲೈಯಲ್ಲಿ ಕೋಲಾರದ ಮಾರುಕಟ್ಟೆಯಲ್ಲಿ 15 ಕೆ.ಜಿ. ಬಾಕ್ಸ್ ಎರಡು ಸಾವಿರ ರೂಪಾಯಿ ದಾಟಿದಾಗ ‘ಟೊಮೆಟೊ ಬೆಳೆದು ಕೋಟ್ಯಧಿಪತಿ’ ಎಂಬಂಥ ರೀಲ್ಸ್‌ಗಳು ನಮ್ಮ ರೈತರ ವಾಟ್ಸ್‌ಆ್ಯಪ್ ಗುಂಪುಗಳಲ್ಲೆಲ್ಲ ಹರಿದಾಡಿದವು. ಸಸಿ ಸಿಗದೆ ಜನ ನರ್ಸರಿ ಮುಂದೆ ಕಾದು ನಿಂತರು. ಅದನ್ನು ನಂಬಿ ಮುಂದಿನ ಸರದಿಗೆ ದುಪ್ಪಟ್ಟು ಬೀಜ ಹಾಕಿದೆ. ಬೆಲೆ ಬಿತ್ತು, ಕೇಳುವವರಿಲ್ಲದೆ ಟ್ರೇಗಟ್ಟಲೆ ಸಸಿ ತಿಪ್ಪೆ ಸೇರಿತು. ಈಗ ಒಂದು ಕಂಪನಿಯವರು ಬಂದಿದ್ದಾರೆ. ಸೋಷಿಯಲ್ ಮೀಡಿಯಾದಲ್ಲಿ ಯಾವ ರೈತ ಯಾರನ್ನು ನೋಡಿ ಏನು ಬೆಳೆಯುತ್ತಾನೆ ಎಂದು ಅವರ ಸಾಫ್ಟ್‌ವೇರ್ ಮೊದಲೇ ಹೇಳುತ್ತದಂತೆ, ಶೇ 92ರಷ್ಟು ನಿಖರವಂತೆ. ವರ್ಷಕ್ಕೆ ₹60,000 ಕೇಳುತ್ತಿದ್ದಾರೆ. ನಾನಿರುವ ಗುಂಪುಗಳ ಸದಸ್ಯರ ನಂಬರು ಮತ್ತು ಹಳೆಯ ಚಾಟ್‌ಗಳನ್ನೂ ಕೊಡಬೇಕಂತೆ. ಇದು ನಿಜವಾಗಿ ಸಾಧ್ಯವೇ? ತೆಗೆದುಕೊಳ್ಳಲೇ? ಇನ್ನೊಂದು ಮಾತು: ಪಿಯುಸಿ ಓದುವ ನನ್ನ ಮಗ ಗೆಳೆಯರ ಜೊತೆ ಅಂತರಗಂಗೆ ಬೆಟ್ಟಕ್ಕೆ ಹೋಗಿ ಬಂಡೆಯ ತುದಿಯಲ್ಲಿ ನಿಂತು ರೀಲ್ಸ್ ಮಾಡಿದ್ದಾನೆ. ಇಂಥದ್ದನ್ನೂ ಮೊದಲೇ ತಿಳಿಯಬಹುದು ಎನ್ನುತ್ತಾರೆ ಕಂಪನಿಯವರು.

ಉತ್ತರ: ತಿಪ್ಪೆಗೆ ಹೋದ ಸಸಿಗಳಿಂದಲೇ ಶುರು ಮಾಡೋಣ, ನಿಮ್ಮ ಪ್ರಶ್ನೆಯ ತಿರುಳು ಅಲ್ಲಿದೆ. ಸಸಿ ನಮಗಾಗಿ ಕಾಯುವುದಿಲ್ಲ. 98 ಗುಣಿಗಳ ಟ್ರೇಗೆ ಕೊಕೊಪೀಟ್ ತುಂಬಿ ಬೀಜ ಹಾಕಿದರೆ ಸುಮಾರು 25 ದಿನಕ್ಕೆ ನಾಟಿಗೆ ಬರುತ್ತದೆ. ಇನ್ನು ಹತ್ತು ಹದಿನೈದು ದಿನ ಉಳಿದರೆ ಕಾಂಡ ಬಳುಕಿ, ಬೇರು ಸುತ್ತಿಕೊಂಡು, ಪುಕ್ಕಟೆ ಕೊಟ್ಟರೂ ಯಾರೂ ಒಯ್ಯುವುದಿಲ್ಲ. ಅಂದರೆ ಬೀಜ ಹಾಕುವ ದಿನವೇ, ಒಂದು ತಿಂಗಳ ಮೇಲೆ ಸುತ್ತಲಿನ ಹಳ್ಳಿಗಳ ಜನ ಏನು ತೀರ್ಮಾನಿಸಿರುತ್ತಾರೆ ಎಂಬುದನ್ನು ನೀವು ಊಹಿಸಲೇಬೇಕು. ಆ ಊಹೆಯ ಭಾರವನ್ನು ದುಡ್ಡು ಕೊಟ್ಟು ಬೇರೆಯವರ ಮೇಲೆ ಹೊರಿಸಬಹುದೇ ಎಂದು ಕೇಳುತ್ತಿದ್ದೀರಿ.

ಜಾಲಗಳಲ್ಲಿ ಒಬ್ಬರನ್ನು ನೋಡಿ ಇನ್ನೊಬ್ಬರು ಮಾಡುವುದನ್ನು ಅಂಕಿಅಂಶಗಳಲ್ಲಿ ಹಿಡಿಯುವುದೇ ನನ್ನ ಕೆಲಸ. ಆ ಅನುಭವದಿಂದ ನೇರವಾಗಿ ಹೇಳುತ್ತೇನೆ. ಯಾವ ರೀಲ್ ಹೊತ್ತಿಕೊಳ್ಳುತ್ತದೆ, ಅದನ್ನು ನೋಡಿ ಯಾವ ರೈತ ನಾಟಿ ಮಾಡುತ್ತಾನೆ ಎಂದು ಶುರುವಾಗುವ ಮೊದಲೇ ಹೇಳಲು ಯಾರಿಂದಲೂ ಆಗಿಲ್ಲ. ಶುರುವಾದ ಮೇಲೆ ಅದು ಇನ್ನೂ ಹರಡುತ್ತದೆಯೇ, ಅಲ್ಲಿಗೇ ನಿಲ್ಲುತ್ತದೆಯೇ ಎಂಬುದನ್ನು ತಕ್ಕಮಟ್ಟಿಗೆ ಹೇಳಬಹುದು. ಈ ಎರಡನೆಯ ಕೆಲಸಕ್ಕೆ ಬೇಕಾದ ಮಾಹಿತಿ ಕಂಪನಿಯ ಕಂಪ್ಯೂಟರಿನಲ್ಲಿ ಇರುವುದಕ್ಕಿಂತ ಹೆಚ್ಚಾಗಿ ನಿಮ್ಮ ಬುಕಿಂಗ್ ಪುಸ್ತಕದಲ್ಲಿದೆ.

ಮೊದಲು ಆ ಶೇ 92ರ ಮಾತನ್ನು ಮುಗಿಸಿಬಿಡೋಣ. ನೂರು ರೈತರನ್ನು ಲೆಕ್ಕಕ್ಕೆ ತೆಗೆದುಕೊಳ್ಳಿ. ಒಂದು ತಿಂಗಳಲ್ಲಿ ಅವರಲ್ಲಿ ಎಂಟು ಜನ ಹೊಸದಾಗಿ ಟೊಮೆಟೊ ಕಡೆಗೆ ತಿರುಗಿದರು, ಉಳಿದ 92 ಜನ ತಮ್ಮ ಪಾಡಿಗೆ ಇದ್ದರು ಎನ್ನೋಣ. ‘ಯಾರೂ ಬದಲಾಗುವುದಿಲ್ಲ’ ಎಂದು ಕಣ್ಣು ಮುಚ್ಚಿಕೊಂಡು ಹೇಳುವವನ ಮಾತು 92 ಜನರ ವಿಷಯದಲ್ಲಿ ನಿಜವಾಗುತ್ತದೆ. ಅವನ ನಿಖರತೆಯೂ ಶೇ 92! ಆದರೆ ನಿಮಗೆ ಬೇಕಾಗಿದ್ದ ಆ ಎಂಟು ಜನರಲ್ಲಿ ಒಬ್ಬರನ್ನೂ ಅವನು ಗುರುತಿಸಿಲ್ಲ. ಬದಲಾವಣೆ ಅಪರೂಪವಾದಷ್ಟೂ ಈ ಬಗೆಯ ನಿಖರತೆ ತಾನಾಗಿಯೇ ಏರುತ್ತದೆ. ಕಂಪನಿಯವರು ಮತ್ತೆ ಬಂದಾಗ ಹೀಗೆ ಕೇಳಿ: ‘ಹೊಸದಾಗಿ ನಾಟಿ ಮಾಡಿದವರಲ್ಲಿ ಎಷ್ಟು ಮಂದಿಯನ್ನು ನೀವು ಮೊದಲೇ ಹೆಸರಿಸಿದ್ದಿರಿ? ನೀವು ಹೆಸರಿಸಿದವರಲ್ಲಿ ನಾಟಿ ಮಾಡದೇ ಉಳಿದವರು ಎಷ್ಟು?’ ಈ ಎರಡು ಅಂಕಿಗಳನ್ನು ಕೊಡಲಾಗದವರ ಜೊತೆ ಮಾತು ಮುಂದುವರಿಸುವ ಅಗತ್ಯವಿಲ್ಲ.

ಎರಡನೆಯದು, ಅನುಕರಣೆಯಂತೆ ಕಂಡದ್ದೆಲ್ಲ ಅನುಕರಣೆಯಲ್ಲ. ನನ್ನ ವೃತ್ತಿಯಲ್ಲಿ ಎಲ್ಲಕ್ಕಿಂತ ಹೆಚ್ಚು ತಲೆ ಕೆಡಿಸಿಕೊಳ್ಳುವ ವಿಷಯ ಇದೇ ಆದ್ದರಿಂದ ಸ್ವಲ್ಪ ವಿವರವಾಗಿ ಹೇಳಬೇಕು.

ಒಂದೇ ಹಳ್ಳಿಯ ಇಬ್ಬರು ಒಂದೇ ವಾರದಲ್ಲಿ ಟೊಮೆಟೊ ನಾಟಿ ಮಾಡುತ್ತಾರೆ. ಇಬ್ಬರೂ ಒಂದೇ ವಾಟ್ಸ್‌ಆ್ಯಪ್ ಗುಂಪಿನಲ್ಲಿದ್ದಾರೆ. ಸಾಫ್ಟ್‌ವೇರ್ ತಕ್ಷಣ ಇಬ್ಬರ ನಡುವೆ ಒಂದು ಗೆರೆ ಎಳೆದು, ಮೊದಲನೆಯವನು ‘ಪ್ರಭಾವಿ’, ಎರಡನೆಯವನು ‘ಅನುಯಾಯಿ’ ಎಂದು ಬರೆದುಕೊಳ್ಳುತ್ತದೆ. ಆದರೆ ಆ ಇಬ್ಬರೂ ಗೆಳೆಯರಾದದ್ದೇ ಇಬ್ಬರಿಗೂ ಕೊಳವೆಬಾವಿ, ಹನಿ ನೀರಾವರಿ ಮತ್ತು ಒಂದೇ ಮಂಡಿಯ ಒಡನಾಟ ಇರುವುದರಿಂದ ಇರಬಹುದು. ಇಬ್ಬರಿಗೂ ಒಂದೇ ಮಂಡಿಯವರು ಮುಂಗಡ ಕೊಟ್ಟಿರಬಹುದು. ಇಬ್ಬರೂ ಬೆಳಿಗ್ಗೆ ಒಂದೇ ಹರಾಜಿನ ದರ ಕೇಳಿಕೊಂಡು ಮನೆಗೆ ಬಂದಿರಬಹುದು. ನಮ್ಮ ಜಿಲ್ಲೆಯಲ್ಲೇ ಇದಕ್ಕೊಂದು ದೊಡ್ಡ ನಿದರ್ಶನವಿದೆ. 2018ರಿಂದ ಕೆ.ಸಿ. ವ್ಯಾಲಿ ಯೋಜನೆಯಲ್ಲಿ ಬೆಂಗಳೂರಿನ ಸಂಸ್ಕರಿಸಿದ ನೀರು ಕೋಲಾರದ ಕೆರೆಗಳಿಗೆ ಬರತೊಡಗಿತು. ಕೆರೆ ತುಂಬಿದ ಕಡೆ ಕೊಳವೆಬಾವಿಯಲ್ಲಿ ಮತ್ತೆ ನೀರು ಕಂಡಿತು. ನೀರು ಕಂಡ ಹಳ್ಳಿಯಲ್ಲಿ ಹತ್ತಾರು ರೈತರು ಒಟ್ಟಿಗೇ ತರಕಾರಿಗೆ ತಿರುಗಿದರೆ ಅವರು ಒಬ್ಬರನ್ನೊಬ್ಬರು ನೋಡಿ ಮಾಡಿದರೋ, ನೀರನ್ನು ನೋಡಿ ಮಾಡಿದರೋ? ಮೊಬೈಲಿನ ದತ್ತಾಂಶ ಮಾತ್ರ ಇಟ್ಟುಕೊಂಡವರಿಗೆ ಇದು ಯಾವತ್ತೂ ಗೊತ್ತಾಗುವುದಿಲ್ಲ.

ಈ ಗೊಂದಲ ಎಷ್ಟು ದೊಡ್ಡದು ಎಂಬುದನ್ನು 2009ರಲ್ಲಿ ಸಿನಾನ್ ಅರಾಲ್ ಮತ್ತು ಸಂಗಡಿಗರು ಅಳೆದರು. ಯಾಹೂ ಸಂದೇಶ ಜಾಲದ ಸುಮಾರು 2.7 ಕೋಟಿ ಬಳಕೆದಾರರಲ್ಲಿ ಒಂದು ಹೊಸ ಮೊಬೈಲ್ ಸೇವೆ ಹೇಗೆ ಹರಡಿತು ಎಂದು ಪರಿಶೀಲಿಸಿದಾಗ, ಅದುವರೆಗಿನ ವಿಧಾನಗಳು ಗೆಳೆಯರ ಪ್ರಭಾವವನ್ನು ಶೇ 300ರಿಂದ 700ರಷ್ಟು ಹೆಚ್ಚಾಗಿ ತೋರಿಸುತ್ತಿದ್ದವು ಎಂದು ಕಂಡುಬಂತು. ‘ಹರಡಿತು’ ಎಂದು ಎಣಿಸಿದ್ದರಲ್ಲಿ ಅರ್ಧಕ್ಕಿಂತ ಹೆಚ್ಚು, ಒಂದೇ ಬಗೆಯ ಜನ ಒಂದೇ ಬಗೆಯ ಆಯ್ಕೆ ಮಾಡಿದ್ದರ ಫಲವಾಗಿತ್ತು. ಹಾಗೆಂದು ಪ್ರಭಾವವೇ ಸುಳ್ಳೆಂದು ಹೇಳುವಂತಿಲ್ಲ. 2010ರ ಅಮೆರಿಕ ಚುನಾವಣೆಯ ದಿನ ಫೇಸ್‌ಬುಕ್ 6.1 ಕೋಟಿ ಜನರ ಮೇಲೆ ಒಂದು ಪ್ರಯೋಗ ನಡೆಸಿತು. ‘ನಿಮ್ಮ ಈ ಗೆಳೆಯರು ಮತ ಹಾಕಿದ್ದಾರೆ’ ಎಂದು ಮುಖಗಳನ್ನು ತೋರಿಸಿದಾಗ ಮತ ಹಾಕಿದವರು ಹೆಚ್ಚಾದರು; ಬರೀ ‘ಮತ ಹಾಕಿ’ ಎಂಬ ಸಂದೇಶದಿಂದ ಹಾಗಾಗಲಿಲ್ಲ. ಆದರೆ ಆ ಹೆಚ್ಚಳ ಒಬ್ಬೊಬ್ಬರ ಲೆಕ್ಕದಲ್ಲಿ ಶೇ 1ಕ್ಕಿಂತಲೂ ಕಡಿಮೆ. ಕೋಟಿಗಟ್ಟಲೆ ಜನರಲ್ಲಿ ಅದು ಲಕ್ಷಗಟ್ಟಲೆ ಮತವಾದೀತು. ನಿಮ್ಮ ನರ್ಸರಿಗೆ ಬರುವ ಕೆಲವು ನೂರು ರೈತರಲ್ಲಿ ಅಂಥ ಸಣ್ಣ ಹೆಚ್ಚಳ ಕಣ್ಣಿಗೂ ಬೀಳುವುದಿಲ್ಲ.

ಇನ್ನು, ನಿಜವಾದ ಅನುಕರಣೆಯನ್ನೇ ತೆಗೆದುಕೊಂಡರೂ ಅದನ್ನು ಮೊದಲೇ ಹೇಳುವುದು ಏಕೆ ಕಷ್ಟ? ಕಂಪ್ಯೂಟರ್ ಸಾಲದು, ದತ್ತಾಂಶ ಸಾಲದು ಎಂಬುದು ಕಾರಣದ ಒಂದು ಪಾಲು ಅಷ್ಟೆ. ದೊಡ್ಡ ಪಾಲು ವಿಷಯದ ಸ್ವಭಾವದಲ್ಲೇ ಇದೆ. 1978ರಲ್ಲಿ ಮಾರ್ಕ್ ಗ್ರಾನೊವೆಟರ್ ಎಂಬ ಸಮಾಜಶಾಸ್ತ್ರಜ್ಞ ಕೊಟ್ಟ ಲೆಕ್ಕವನ್ನು ನಿಮ್ಮ ಊರಿಗೆ ಹೊಂದಿಸಿ ಹೇಳುತ್ತೇನೆ.

ಒಂದು ಹಳ್ಳಿಯಲ್ಲಿ ನೂರು ರೈತರು. ಮೊದಲನೆಯವನು ಯಾರನ್ನೂ ನೋಡದೆ ನಾಟಿ ಮಾಡುವ ಧೈರ್ಯಸ್ಥ. ಎರಡನೆಯವನು ಒಬ್ಬ ಮಾಡಿದರೆ ತಾನೂ ಮಾಡುತ್ತಾನೆ. ಮೂರನೆಯವನು ಇಬ್ಬರು ಮಾಡುವವರೆಗೆ ಕಾಯುತ್ತಾನೆ, ನಾಲ್ಕನೆಯವನು ಮೂವರು ಮಾಡುವವರೆಗೆ. ಹೀಗೆ ನೂರನೆಯವನಿಗೆ 99 ಜನ ಮಾಡಿರಬೇಕು. ಮೊದಲನೆಯವನು ನಾಟಿ ಮಾಡುತ್ತಾನೆ. ಅವನನ್ನು ನೋಡಿ ಎರಡನೆಯವನು, ಇಬ್ಬರನ್ನು ನೋಡಿ ಮೂರನೆಯವನು. ಕೊನೆಗೆ ಊರಿಗೆ ಊರೇ ಟೊಮೆಟೊ. ಈಗ ಪಕ್ಕದ ಹಳ್ಳಿ ನೋಡಿ. ಅಲ್ಲಿಯೂ ನೂರು ರೈತರು, ಎಲ್ಲರೂ ಥೇಟು ಹೀಗೆಯೇ. ಎರಡನೆಯವನು ಮಾತ್ರ ಒಬ್ಬರ ಬದಲು ಇಬ್ಬರು ಮಾಡಲಿ ಎಂದು ಕಾಯುವವನು. ಮೊದಲನೆಯವನು ನಾಟಿ ಮಾಡುತ್ತಾನೆ. ಎರಡನೆಯವನು ಕಾಯುತ್ತಾನೆ, ಮೂರನೆಯವನೂ ಕಾಯುತ್ತಾನೆ. ಅಲ್ಲಿಗೆ ಮುಗಿಯಿತು. ಊರಲ್ಲಿ ಒಂದೇ ಒಂದು ಟೊಮೆಟೊ ತೋಟ.

ಎರಡೂ ಹಳ್ಳಿಗಳಲ್ಲಿ ಯಾವ ಸಮೀಕ್ಷೆ ಮಾಡಿದರೂ ಸರಾಸರಿ ಹೆಚ್ಚುಕಡಿಮೆ ಒಂದೇ ಬರುತ್ತದೆ. ಒಬ್ಬನೇ ಒಬ್ಬನ ಮನಸ್ಸಿನ ಒಂದು ಎಳೆಯ ವ್ಯತ್ಯಾಸಕ್ಕೆ ಒಂದು ಕಡೆ ನೂರು ತೋಟ, ಇನ್ನೊಂದು ಕಡೆ ಒಂದು. ಇದನ್ನು ಹೊರಗಿನಿಂದ, ಅದೂ ಮೊಬೈಲಿನಲ್ಲಿ ಒತ್ತಿದ ಲೈಕುಗಳನ್ನು ನೋಡಿ ಹೇಳುತ್ತೇವೆ ಎನ್ನುವವರ ಮಾತನ್ನು ನಾನು ನಂಬುವುದಿಲ್ಲ. ನಿಮ್ಮ ತಾಲ್ಲೂಕಿನಲ್ಲಿಯೂ ಅಕ್ಕಪಕ್ಕದ ಎರಡು ಹಳ್ಳಿಗಳು ಕಾರಣವೇ ಇಲ್ಲದೆ ಬೇರೆ ಬೇರೆ ಬೆಳೆಗೆ ಅಂಟಿಕೊಂಡಿರುವುದನ್ನು ನೀವು ಕಂಡಿರುತ್ತೀರಿ.

ಇದು ಕಾಗದದ ಮೇಲಿನ ಲೆಕ್ಕ ಮಾತ್ರವಲ್ಲ. 2006ರಲ್ಲಿ ಮ್ಯಾಥ್ಯೂ ಸಲ್ಗಾನಿಕ್, ಪೀಟರ್ ಡಾಡ್ಸ್ ಮತ್ತು ಡಂಕನ್ ವಾಟ್ಸ್ ಒಂದು ಪ್ರಯೋಗ ಪ್ರಕಟಿಸಿದರು. ಹೆಸರೇ ಕೇಳಿರದ ತಂಡಗಳ 48 ಹಾಡುಗಳನ್ನು 14,000ಕ್ಕೂ ಹೆಚ್ಚು ಜನರ ಮುಂದಿಟ್ಟರು. ಒಂದು ಗುಂಪಿಗೆ ಹಾಡುಗಳನ್ನಷ್ಟೇ ಕೊಟ್ಟರು. ಉಳಿದವರನ್ನು ಎಂಟು ಪ್ರತ್ಯೇಕ ಗುಂಪುಗಳಾಗಿ ಮಾಡಿ, ತಮ್ಮ ಗುಂಪಿನಲ್ಲಿ ಯಾವ ಹಾಡನ್ನು ಎಷ್ಟು ಜನ ಇಳಿಸಿಕೊಂಡರು ಎಂಬುದನ್ನು ತೋರಿಸಿದರು. ಎಂಟೂ ಗುಂಪುಗಳು ಒಂದೇ ಬಗೆಯ ಜನರಿಂದ ಕೂಡಿದ್ದವು, ಹಾಡುಗಳೂ ಅವೇ. ಆದರೂ ಒಂದು ಗುಂಪಿನಲ್ಲಿ ಮೇಲೇರಿದ ಹಾಡು ಇನ್ನೊಂದರಲ್ಲಿ ಕೆಳಗುಳಿಯಿತು. ತೀರ ಒಳ್ಳೆಯವು ಪೂರ್ತಿ ಸೋಲಲಿಲ್ಲ, ತೀರ ಕಳಪೆಯವು ಗೆಲ್ಲಲಿಲ್ಲ. ನಡುವಿನವು ಎಲ್ಲಿ ಬೇಕಾದರೂ ಹೋದವು. ಬೇರೆಯವರ ಆಯ್ಕೆ ಹೆಚ್ಚು ಎದ್ದುಕಾಣುವಂತೆ ಮಾಡಿದಷ್ಟೂ ಫಲಿತಾಂಶ ಹೆಚ್ಚು ಅನಿಶ್ಚಿತವಾಯಿತು. ಒಬ್ಬರನ್ನೊಬ್ಬರು ಹೆಚ್ಚು ನೋಡುವ ಕಡೆ ಭವಿಷ್ಯ ಹೇಳುವುದು ಹೆಚ್ಚು ಕಷ್ಟ! ಸೋಷಿಯಲ್ ಮೀಡಿಯಾ ಬಂದ ಮೇಲೆ ಜನರ ನಡೆಯನ್ನು ಮೊದಲೇ ಹೇಳುವುದು ಸುಲಭವಾಗಿದೆ ಎಂಬ ಸಾಮಾನ್ಯ ನಂಬಿಕೆಗೆ ಇದು ನೇರ ವಿರುದ್ಧ.

ರೀಲ್ಸ್ ವಿಷಯದಲ್ಲಿ ಇನ್ನೊಂದು ತಪ್ಪು ಕಲ್ಪನೆಯೂ ಇದೆ. ಹತ್ತು ಲಕ್ಷ ಜನ ನೋಡಿದ ವಿಡಿಯೊ ಎಂದರೆ ಒಬ್ಬರಿಂದೊಬ್ಬರಿಗೆ ಹರಡಿ ಹತ್ತು ಲಕ್ಷವಾಯಿತು ಎಂದುಕೊಳ್ಳುತ್ತೇವೆ. ಟ್ವಿಟರ್‌ನಲ್ಲಿ ನಡೆದ ದೊಡ್ಡ ಅಧ್ಯಯನಗಳು ಬೇರೆಯದನ್ನೇ ಹೇಳುತ್ತವೆ: ಹಂಚಿಕೆಗಳಲ್ಲಿ ಬಹುಪಾಲು ಒಂದು ಹೆಜ್ಜೆಗೇ ನಿಂತುಹೋಗುತ್ತವೆ. ದೊಡ್ಡ ಸಂಖ್ಯೆ ಮುಟ್ಟುವ ಬಹುತೇಕ ವಿಷಯಗಳು ಒಂದು ದೊಡ್ಡ ಖಾತೆಯಿಂದ ಏಕಕಾಲಕ್ಕೆ ಲಕ್ಷಾಂತರ ಜನರಿಗೆ ಸುರಿದವು. ಇನ್‌ಸ್ಟಾಗ್ರಾಂನಂಥ ಕಡೆ ಆ್ಯಪ್ ತಾನೇ ಆರಿಸಿ ತೋರಿಸುತ್ತದೆ. ಕೋಲಾರದ ಟೊಮೆಟೊ ರೀಲ್ ನೋಡಿದವರಲ್ಲಿ ಬೆಂಗಳೂರಿನ ಅಪಾರ್ಟ್‌ಮೆಂಟಿನವರೆಷ್ಟು, ಒಂದು ಗುಂಟೆ ಜಮೀನೂ ಇಲ್ಲದವರೆಷ್ಟು? ನೋಟಗಳ ಸಂಖ್ಯೆಯಿಂದ ಎಕರೆಗಳ ಸಂಖ್ಯೆಗೆ ದಾರಿ ಇಲ್ಲ. ವಾಟ್ಸ್‌ಆ್ಯಪ್‌ನಲ್ಲಿ ಜೋಡಿ ಬಾಣದ ಗುರುತಿನೊಂದಿಗೆ ‘ಹಲವು ಬಾರಿ ಫಾರ್ವರ್ಡ್ ಆಗಿದೆ’ ಎಂದು ಬರುವ ವಿಡಿಯೊ ಕೂಡ ಹಾಗೆಯೇ. ಅದು ನಿಮ್ಮ ಬಳಿಗೆ ಬರುವ ಮೊದಲು ಕನಿಷ್ಠ ಐದು ಕೈ ದಾಟಿದೆ ಎಂದಷ್ಟೇ ಅದರ ಅರ್ಥ. ಪಕ್ಕದ ಹೊಲದವನು ಏನು ಮಾಡುತ್ತಿದ್ದಾನೆ ಎಂಬುದಕ್ಕೆ ಅದು ಸಾಕ್ಷಿಯಲ್ಲ. ಜೊತೆಗೆ, ನಷ್ಟ ಮಾಡಿಕೊಂಡವರು ರೀಲ್ಸ್ ಮಾಡುವುದಿಲ್ಲ. ಪರದೆಯ ಮೇಲೆ ಗೆದ್ದವರು ಮಾತ್ರ ಉಳಿಯುತ್ತಾರೆ.

ಹಾಗಾದರೆ ಯಾವುದನ್ನು ನಂಬಬಹುದು?

1943ರಲ್ಲಿ ಬ್ರೈಸ್ ರಯಾನ್ ಮತ್ತು ನೀಲ್ ಗ್ರಾಸ್ ಅಮೆರಿಕದ ಅಯೋವಾ ರಾಜ್ಯದ ಮೆಕ್ಕೆಜೋಳದ ರೈತರ ಬಗ್ಗೆ ಒಂದು ಅಧ್ಯಯನ ಪ್ರಕಟಿಸಿದರು. ಹೈಬ್ರಿಡ್ ಬೀಜ ಅಲ್ಲಿ ಹೇಗೆ ಹರಡಿತು ಎಂಬ ಆ ಅಧ್ಯಯನವನ್ನು ನಾನು ಇವತ್ತಿಗೂ ಮತ್ತೆ ಮತ್ತೆ ತಿರುವಿಹಾಕುತ್ತೇನೆ. ಹೊಸ ಬೀಜದ ಸುದ್ದಿ ಹೆಚ್ಚಿನ ರೈತರಿಗೆ ಮೊದಲು ಮುಟ್ಟಿದ್ದು ಬೀಜ ಮಾರುವವರಿಂದ. ಆದರೆ ಅವರನ್ನು ಒಪ್ಪಿಸಿದ್ದು ನೆರೆಹೊರೆಯವರು. ಸುದ್ದಿ ಕೇಳಿದ್ದಕ್ಕೂ ಬೀಜ ಹಾಕಿದ್ದಕ್ಕೂ ನಡುವೆ ವರ್ಷಗಳೇ ಕಳೆದಿದ್ದವು. ತಿಳಿಯುವುದು ಬೇರೆ, ಕೈಹಾಕುವುದು ಬೇರೆ ಎಂಬುದು ಅಲ್ಲಿಂದ ಸ್ಪಷ್ಟವಾಯಿತು. 2010ರಲ್ಲಿ ಡೇಮನ್ ಸೆಂಟೋಲಾ ಅಂತರ್ಜಾಲದಲ್ಲೇ ಇದನ್ನು ಪ್ರಯೋಗ ಮಾಡಿ ತೋರಿಸಿದರು. ಒಂದು ಹೊಸ ಅಭ್ಯಾಸ, ದೂರದೂರದವರು ಅಲ್ಲೊಬ್ಬರು ಇಲ್ಲೊಬ್ಬರು ಬೆಸೆದುಕೊಂಡ ಜಾಲಕ್ಕಿಂತ, ಅಕ್ಕಪಕ್ಕದವರೆಲ್ಲ ಪರಸ್ಪರ ಪರಿಚಿತರಾಗಿರುವ ಜಾಲದಲ್ಲಿ ಹೆಚ್ಚು ಜನರಿಗೆ, ಹೆಚ್ಚು ವೇಗವಾಗಿ ಹರಡಿತು. ಕಾರಣ, ಒಬ್ಬರಿಂದ ಕೇಳಿದರೆ ಸಾಲದು. ಗುರುತಿನ ಇಬ್ಬರು ಮೂವರು ಮಾಡಿದ್ದನ್ನು ಕಾಣಬೇಕು.

ಒಂದು ಎಕರೆ ಟೊಮೆಟೊ ಎಂದರೆ ಬೀಜ, ಗೊಬ್ಬರ, ಕಡ್ಡಿ, ದಾರ, ಔಷಧಿ, ಕೂಲಿ ಸೇರಿ ಲಕ್ಷದ ಮೇಲಿನ ಬಾಬತ್ತು. ಯಾರೋ ಅಪರಿಚಿತನ ರೀಲ್ ನೋಡಿ ಅಷ್ಟು ದುಡ್ಡು ಸುರಿಯುವವರು ವಿರಳ. ರೀಲ್ ಆಸೆ ಹುಟ್ಟಿಸುತ್ತದೆ. ಬೇಲಿಯಾಚೆ ಕಡ್ಡಿ ನೆಟ್ಟದ್ದು, ಪರಿಚಯದ ಇನ್ನೊಬ್ಬ ಮಲ್ಚಿಂಗ್ ಶೀಟು ಹಾಸಿದ್ದು ಕಂಡಾಗ ಕೈ ಜೇಬಿಗೆ ಹೋಗುತ್ತದೆ. ಹಾಗಾಗಿ ನೀವು ಗಮನಿಸಬೇಕಾದದ್ದು ಗುಂಪಿನಲ್ಲಿ ಎಷ್ಟು ವಿಡಿಯೊ ಬಂತು ಎಂಬುದನ್ನಲ್ಲ. ಒಂದೇ ಹಳ್ಳಿಯಿಂದ ಒಬ್ಬರ ಹಿಂದೆ ಒಬ್ಬರು ಬುಕಿಂಗ್‌ಗೆ ಬರುತ್ತಿದ್ದಾರೆಯೇ ಎಂಬುದನ್ನು. ಹತ್ತು ಹಳ್ಳಿಯಿಂದ ಒಬ್ಬೊಬ್ಬರಂತೆ ಬಂದ ಹತ್ತು ಬುಕಿಂಗ್‌ಗಿಂತ ಒಂದೇ ಹಳ್ಳಿಯಿಂದ ಬಂದ ಐದು ಬುಕಿಂಗ್ ಮುಂದಿನ ಅಲೆಯ ಬಗ್ಗೆ ಹೆಚ್ಚು ಹೇಳುತ್ತವೆ.

ಶುರುವಾದ ಮೇಲೆ ಹೇಳಬಹುದು ಎಂದೆನಲ್ಲ, ಅದಕ್ಕೂ ಆಧಾರವಿದೆ. ಫೇಸ್‌ಬುಕ್‌ನಲ್ಲಿ ಹಂಚಿಕೆಯಾದ ಚಿತ್ರಗಳ ಮೇಲೆ 2014ರಲ್ಲಿ ನಡೆದ ಅಧ್ಯಯನವೊಂದರಲ್ಲಿ ಸಂಶೋಧಕರು ಪ್ರಶ್ನೆಯನ್ನೇ ಬದಲಿಸಿಕೊಂಡರು. ‘ಇದು ಎಷ್ಟು ದೊಡ್ಡದಾಗುತ್ತದೆ’ ಎಂಬುದರ ಬದಲು ‘ಈಗ ಇರುವುದರ ದುಪ್ಪಟ್ಟಾಗುತ್ತದೆಯೇ’ ಎಂದು ಕೇಳಿಕೊಂಡರು. ಆಗ ಹತ್ತರಲ್ಲಿ ಸುಮಾರು ಎಂಟು ಬಾರಿ ಉತ್ತರ ಸರಿಯಾಗಿತ್ತು. ಕಣ್ಣು ಮುಚ್ಚಿ ಹೇಳಿದ್ದರೆ ಹತ್ತರಲ್ಲಿ ಐದು. ಅವರಿಗೆ ಸಿಕ್ಕ ಅತ್ಯುತ್ತಮ ಸುಳಿವು ಮೊದಮೊದಲ ಹಂಚಿಕೆಗಳ ವೇಗ. ಇದನ್ನು ನೀವು ಪೆನ್ನು ಕಾಗದದಲ್ಲೇ ಮಾಡಬಹುದು. ಪ್ರತಿ ಬುಕಿಂಗ್ ಎದುರು ತಾರೀಖು, ಹಳ್ಳಿ, ಎಕರೆ, ತಳಿ ಬರೆಯಿರಿ. ಎರಡು ಮಾತು ಹೆಚ್ಚಿಗೆ ಕೇಳಿ: ಕಳೆದ ವರ್ಷ ಟೊಮೆಟೊ ಹಾಕಿದ್ದಿರಾ? ಈ ಸಲ ಹಾಕಬೇಕೆನ್ನಿಸಿದ್ದು ಏಕೆ? ಪ್ರತಿ ಭಾನುವಾರ ಆ ವಾರದ ಎಕರೆಗಳನ್ನು ಹಿಂದಿನ ವಾರದ್ದಕ್ಕೆ ಹೋಲಿಸಿ ನೋಡಿ. ಬುಕಿಂಗ್ ಏರುತ್ತಲೇ ಇದ್ದು ಏರಿಕೆಯ ವೇಗ ಕುಗ್ಗತೊಡಗಿದರೆ, ಹೊಸ ಬೀಜ ಹಾಕುವ ಕೈಯನ್ನು ಅಂದೇ ಹಿಂದೆ ತೆಗೆಯಿರಿ. ‘ಇದೇ ಮೊದಲ ಸಲ ಹಾಕುತ್ತಿದ್ದೇನೆ’ ಎನ್ನುವವರು ಬುಕಿಂಗ್‌ನಲ್ಲಿ ಅರ್ಧಕ್ಕೆ ಬಂದರೆ ನೀವು ಅಲೆಯ ತುದಿಯಲ್ಲಿದ್ದೀರಿ ಎಂದು ತಿಳಿಯಿರಿ. ಕೊನೆಯಲ್ಲಿ ಬರುವವರು ಸಾಮಾನ್ಯವಾಗಿ ಅವರೇ, ಹೆಚ್ಚು ಪೆಟ್ಟು ತಿನ್ನುವವರೂ ಅವರೇ. ನನ್ನ ಮನಸ್ಸು ನೋಯುವುದೂ ಅಲ್ಲಿಯೇ.

ಏಕೆಂದರೆ ಟೊಮೆಟೊ ಅನುಕರಣೆ ಹಾಡಿನ ಅನುಕರಣೆಯಂತಲ್ಲ. ಹಾಡನ್ನು ಇನ್ನೂ ಸಾವಿರ ಜನ ಕೇಳಿದರೆ ಮೊದಲು ಕೇಳಿದವನಿಗೆ ನಷ್ಟವಿಲ್ಲ. ಟೊಮೆಟೊವನ್ನು ಇನ್ನೂ ಸಾವಿರ ಜನ ಬೆಳೆದರೆ ಎಲ್ಲರ ಬಾಕ್ಸಿನ ದರವೂ ಇಳಿಯುತ್ತದೆ. ಇಂದಿನ ದರ ನೋಡಿ ಬೀಜ ಹಾಕಿದರೆ ಸಸಿಗೆ 25 ದಿನ, ನಾಟಿಯ ಬಳಿಕ ಕೊಯ್ಲಿಗೆ ಎರಡು ತಿಂಗಳ ಮೇಲೆ. ಹಣ್ಣು ಮಾರುಕಟ್ಟೆಗೆ ಹೋಗುವ ಹೊತ್ತಿಗೆ ಮೂರು ತಿಂಗಳು ಕಳೆದಿರುತ್ತದೆ. ಬೆಲೆ ನೋಡಿ ಬೆಳೆಯುವುದಕ್ಕೂ ಬೆಳೆ ಕೈಗೆ ಬರುವುದಕ್ಕೂ ನಡುವಿನ ಈ ಅಂತರದಿಂದಲೇ ದರ ಮೇಲೆ ಕೆಳಗೆ ಓಲಾಡುತ್ತದೆ ಎಂಬುದನ್ನು ಅರ್ಥಶಾಸ್ತ್ರಜ್ಞ ಮೊರ್ಡೆಕಾಯ್ ಎಜೆಕಿಯಲ್ 1938ರಷ್ಟು ಹಿಂದೆಯೇ ವಿವರಿಸಿದ್ದರು. ಆಗ ರೀಲ್ಸ್ ಇರಲಿಲ್ಲ. 2023ರ ಜುಲೈಯ ದರಕ್ಕೂ ರೀಲ್ಸ್ ಕಾರಣವಲ್ಲ. ಬಿಳಿನೊಣದ ಹಾವಳಿ ಮತ್ತು ಅದು ಹರಡುವ ಎಲೆ ಮುದುರು ನಂಜುರೋಗ ನಮ್ಮ ಕಡೆಯ ಬೆಳೆಯನ್ನು ಹೊಡೆದಿತ್ತು, ಉತ್ತರದಲ್ಲಿ ಮಳೆ ಪೂರೈಕೆಯನ್ನು ತಡೆದಿತ್ತು. ದರ ಏರಿದಾಗ ಕೇಂದ್ರ ಸರ್ಕಾರ ಕರ್ನಾಟಕ, ಆಂಧ್ರ, ಮಹಾರಾಷ್ಟ್ರಗಳಲ್ಲಿ ಟೊಮೆಟೊ ಕೊಂಡು ದೆಹಲಿಯಂಥ ನಗರಗಳಲ್ಲಿ ರಿಯಾಯಿತಿ ದರಕ್ಕೆ ಮಾರಿತು, ನೇಪಾಳದಿಂದಲೂ ಟೊಮೆಟೊ ಬಂತು. ಹೊಸ ಬೆಳೆ ಎಲ್ಲೆಡೆಯಿಂದ ಬರುತ್ತಿದ್ದಂತೆ ದರ ಕುಸಿಯಿತು. ನಿಮ್ಮ ತಾಲ್ಲೂಕಿನ ಯಾರು ಯಾರನ್ನು ನೋಡಿ ಏನು ಮಾಡಿದರು ಎಂದು ಸಾಫ್ಟ್‌ವೇರ್ ಪೂರ್ತಿ ಸರಿಯಾಗಿಯೇ ಹೇಳಿತು ಎಂದಿಟ್ಟುಕೊಳ್ಳಿ. ಆಗಲೂ ಮದನಪಲ್ಲಿಯಲ್ಲಿ, ನಾಸಿಕ್ ಕಡೆಯಲ್ಲಿ ಏನಾಗುತ್ತಿದೆ ಎಂಬುದು ಅದರ ಲೆಕ್ಕದ ಹೊರಗೇ ಉಳಿಯುತ್ತದೆ.

ಇನ್ನೊಂದು ಸಂಕಟವಿದೆ. ಅದೇ ಕಂಪನಿ ಅದೇ ಭವಿಷ್ಯವನ್ನು ಮುಳಬಾಗಿಲಿನ, ಚಿಂತಾಮಣಿಯ ನರ್ಸರಿಗಳಿಗೂ ಮಾರುತ್ತದೆ. ಎಲ್ಲರೂ ‘ಬೇಡಿಕೆ ಬರುತ್ತದೆ’ ಎಂದು ಒಟ್ಟಿಗೇ ಬೀಜ ಹಾಕಿದರೆ ಭವಿಷ್ಯ ತನ್ನನ್ನು ತಾನೇ ಸುಳ್ಳು ಮಾಡಿಕೊಳ್ಳುತ್ತದೆ.

ನಿಮ್ಮ ಮುಂದಿರುವ ದಾರಿಗಳಿಗೆ ಬರುತ್ತೇನೆ. ಸಾಫ್ಟ್‌ವೇರ್ ಕೊಳ್ಳಲೇಬೇಕು ಅನ್ನಿಸಿದರೆ ಒಂದು ಹಂಗಾಮಿನ ಪರೀಕ್ಷೆಗೆ ಒಪ್ಪಿಸಿ. ಮುಂದಿನ ತಿಂಗಳು ನಿಮ್ಮಲ್ಲಿ ಎಷ್ಟು ಎಕರೆಯ ಸಸಿ ಹೋಗುತ್ತದೆ ಎಂದು ಅವರು ಮೊದಲೇ ಬರೆದು ಕೊಡಲಿ. ನೀವು ‘ಕಳೆದ ತಿಂಗಳು ಹೋದಷ್ಟೇ ಈ ತಿಂಗಳೂ ಹೋಗುತ್ತದೆ’ ಎಂದು ಬರೆದಿಡಿ. ಮೂರು ತಿಂಗಳ ಕೊನೆಯಲ್ಲಿ ಯಾರ ಅಂಕಿ ನಿಜಕ್ಕೆ ಹತ್ತಿರವಿತ್ತು ನೋಡಿ. ನನ್ನ ಅನುಭವದಲ್ಲಿ ಈ ಒಂದು ಸಾಲಿನ ಊಹೆಯನ್ನು ಸೋಲಿಸುವುದು ಬಹಳ ಕಷ್ಟ. ಸೋಲಿಸಿದರೆ ಅವರಿಗೆ ದುಡ್ಡು ಕೊಡಲು ಅಡ್ಡಿಯಿಲ್ಲ.

ನಾನು ಹೆಚ್ಚು ಒಲಿಯುವುದು ಮುಂಗಡ ಬುಕಿಂಗ್ ಕಡೆಗೆ. ಬಾಯಿಮಾತಿನ ಬುಕಿಂಗ್‌ಗೂ ದುಡ್ಡು ಕೊಟ್ಟ ಬುಕಿಂಗ್‌ಗೂ ಅಜಗಜಾಂತರ. ಸಸಿ ಬೆಲೆಯ ಕಾಲು ಭಾಗವಾದರೂ ಮೊದಲೇ ಪಡೆಯಿರಿ, ಅಷ್ಟಕ್ಕೆ ಮಾತ್ರ ಖಚಿತವಾಗಿ ಬೀಜ ಹಾಕಿ, ಮೇಲೆ ಸಣ್ಣದೊಂದು ಪಾಲು ನಿಮ್ಮ ಧೈರ್ಯಕ್ಕೆ ಇರಲಿ. ಇದರಲ್ಲಿ ಅಪಾಯವೂ ಇದೆ: ಮುಂಗಡ ಕೇಳದ ಪಕ್ಕದ ನರ್ಸರಿಗೆ ಕೆಲವರು ಹೋಗುತ್ತಾರೆ, ಕೈಯಲ್ಲಿ ದುಡ್ಡಿಲ್ಲದ ಸಣ್ಣ ರೈತರಿಗೆ ತೊಂದರೆಯಾಗುತ್ತದೆ. ಹಳೆಯ ಗಿರಾಕಿಗಳಿಗೆ ಮುಂಗಡದಲ್ಲಿ ರಿಯಾಯಿತಿ ಕೊಡಿ. ಮೊದಲ ಸಲ ಟೊಮೆಟೊಗೆ ಬರುವವರಿಗೆ ಬೇಡ. ಒಂದೇ ದಿನ ಎಲ್ಲ ಟ್ರೇಗಳಿಗೂ ಬೀಜ ಹಾಕುವ ಬದಲು ವಾರಕ್ಕೊಂದು ಸರದಿ ಮಾಡಿದರೆ ತಪ್ಪಿದರೂ ಒಂದು ಸರದಿಯಷ್ಟೇ ಹೋಗುತ್ತದೆ. ಆದರೆ ದರ ಏರಿದ ವಾರ ನಿಮ್ಮ ಬಳಿ ಸಸಿ ಕಡಿಮೆ ಇರುತ್ತದೆ, ಆಗ ಹೊಟ್ಟೆ ಉರಿಯುತ್ತದೆ. ಆ ಉರಿಯನ್ನು ತಡೆದುಕೊಳ್ಳಬೇಕು.

ಇನ್ನೊಂದು ದಾರಿ ನಿಮಗೆ ಹೊಳೆದಿರಲಿಕ್ಕಿಲ್ಲ: ಬುಕಿಂಗ್ ಎಷ್ಟಾಗಿದೆ ಎಂಬುದನ್ನು ರೈತರಿಗೇ ಹೇಳಿಬಿಡುವುದು. ‘ಈ ತಿಂಗಳು ನಮ್ಮಲ್ಲೇ ಇಷ್ಟು ಎಕರೆಯ ಟೊಮೆಟೊ ಹೋಗಿದೆ’ ಎಂದು ನರ್ಸರಿಯ ಬೋರ್ಡಿನಲ್ಲಿ ಬರೆದರೆ, ಮೂರು ತಿಂಗಳ ಮೇಲೆ ಬರುವ ಹಣ್ಣಿನ ರಾಶಿ ರೈತನಿಗೆ ಇವತ್ತೇ ಕಾಣುತ್ತದೆ. ಇದರಲ್ಲಿ ಅಪಾಯ ಸಣ್ಣದಲ್ಲ. ಅಂಕಿಯನ್ನು ತೋರಿಸುವುದೇ ಒಂದು ಪ್ರಭಾವ. 2013ರ ಒಂದು ಪ್ರಯೋಗದಲ್ಲಿ ಸುದ್ದಿಗಳ ಕೆಳಗಿನ ಟಿಪ್ಪಣಿಗಳಿಗೆ ಸಂಶೋಧಕರು ಮೊದಲೇ ಒಂದೇ ಒಂದು ಮೆಚ್ಚುಗೆ ಸೇರಿಸಿದಾಗ ಅವುಗಳ ಅಂತಿಮ ಅಂಕ ಸರಾಸರಿ ಶೇ 25ರಷ್ಟು ಏರಿತ್ತು. ಕೆಲವರು ನಿಮ್ಮ ಬೋರ್ಡನ್ನು ಎಚ್ಚರಿಕೆಯಾಗಿ ಓದದೆ ‘ಇಷ್ಟು ಜನ ಹಾಕಿದ್ದಾರೆ, ನಾನೇಕೆ ಬಿಡಲಿ’ ಎಂದು ಓದಿಕೊಳ್ಳುತ್ತಾರೆ. ಬರೀ ಎಕರೆ ಬರೆಯಬೇಡಿ. ‘ಈ ಸಸಿಯ ಹಣ್ಣು ಮಾರುಕಟ್ಟೆಗೆ ಬರುವ ತಿಂಗಳು’ ಎಂದು ಅದರ ಪಕ್ಕದಲ್ಲೇ ಬರೆಯಿರಿ. ವ್ಯಾಪಾರ ಒಂದಿಷ್ಟು ಕಡಿಮೆಯಾದೀತು. ಆದರೂ ಮೊದಲ ಸಲ ಸಾಲ ಮಾಡಿ ಬರುವವನಿಗೆ ಅಷ್ಟನ್ನು ತಿಳಿಸುವುದು ನ್ಯಾಯ ಎಂದು ನನಗೆ ಅನ್ನಿಸುತ್ತದೆ.

ಮಗನ ವಿಷಯ. ಅವನು ಯಾವ ದಿನ ಯಾವ ಬಂಡೆ ಹತ್ತುತ್ತಾನೆ ಎಂದು ಯಾವ ಸಾಫ್ಟ್‌ವೇರೂ ಹೇಳುವುದಿಲ್ಲ. ಮಗನ ಭಯ ತೋರಿಸಿ ನರ್ಸರಿಯ ಸರಕು ಮಾರುವವರ ಬಗ್ಗೆ ನನಗೆ ಸಿಟ್ಟಿದೆ. ಕುಣಿತದ ರೀಲ್ ನಕಲು ಮಾಡಲು ಒಂದು ಸಲ ನೋಡಿದರೆ ಸಾಕು, ಕಳೆದುಕೊಳ್ಳುವುದೇನೂ ಇಲ್ಲ. ಬಂಡೆಯ ತುದಿಗೆ ಹೋಗಲು ಜೊತೆಗಾರರು ಬೇಕು: ಮೊದಲು ನಿಂತ ಒಬ್ಬ, ಮೊಬೈಲ್ ಹಿಡಿದ ಒಬ್ಬ, ಹುರಿದುಂಬಿಸುವ ಇನ್ನಿಬ್ಬರು. ಆದ್ದರಿಂದ ನಿಮ್ಮ ಮಗನೊಬ್ಬನ ಮೊಬೈಲ್ ಕಿತ್ತಿಟ್ಟರೆ ಫಲ ಕಡಿಮೆ. ಅವನ ಜೊತೆ ಹೋದ ಮೂರು ನಾಲ್ಕು ಹುಡುಗರ ಮನೆಯವರು ಒಟ್ಟಿಗೆ ಕೂತು ಮಾತನಾಡಿ. ಗುಂಪಿನಲ್ಲಿ ಇಬ್ಬರು ಹಿಂಜರಿದರೆ ಉಳಿದವರೂ ನಿಲ್ಲುತ್ತಾರೆ. ಬೆಟ್ಟಕ್ಕೆ ಹೋಗಬೇಡ ಎನ್ನಬೇಡಿ. ಮಳೆಗಾಲದಲ್ಲಿ ಅಂತರಗಂಗೆಯ ಬಂಡೆಗಳು ಪಾಚಿಗಟ್ಟುತ್ತವೆ, ಆ ತಿಂಗಳುಗಳಲ್ಲಿ ತುದಿಗೆ ಹೋಗುವಂತಿಲ್ಲ ಎಂಬ ಒಂದು ಮಾತಿನ ಮೇಲೆ ಗಟ್ಟಿಯಾಗಿ ನಿಲ್ಲಿ.

ಕೊನೆಯದಾಗಿ, ನಂಬರುಗಳನ್ನೂ ಚಾಟ್‌ಗಳನ್ನೂ ಕೊಡಬೇಡಿ. ವಾಟ್ಸ್‌ಆ್ಯಪ್ ಗುಂಪಿನ ಮಾತುಗಳು ಗೂಢಲಿಪಿಯಲ್ಲಿ ಹೋಗುತ್ತವೆ, ಹೊರಗಿನವರು ಓದಲಾರರು. ಒಳಗಿನ ಒಬ್ಬರು ಕೈಯಾರೆ ತೆಗೆದು ಕೊಟ್ಟರೆ ಮಾತ್ರ ಕಂಪನಿಗೆ ಅದು ಸಿಗುತ್ತದೆ. ಅದಕ್ಕೇ ಅವರು ನಿಮ್ಮ ಬಳಿ ಬಂದಿರುವುದು. ಆ ಗುಂಪುಗಳಲ್ಲಿ ಯಾರ ಸಾಲ ಎಷ್ಟು, ಯಾರ ಕೊಳವೆಬಾವಿ ಬತ್ತಿತು, ಯಾರ ಮನೆಯಲ್ಲಿ ಕಾಯಿಲೆ ಎಂಬುದೆಲ್ಲ ಇರುತ್ತದೆ. ಅದನ್ನು ಬರೆದವರು ನಿಮ್ಮನ್ನು ನಂಬಿ ಬರೆದಿದ್ದಾರೆ. 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆಯೂ ವ್ಯಕ್ತಿಯ ಸಮ್ಮತಿಗೇ ಮೊದಲ ಸ್ಥಾನ ಕೊಡುತ್ತದೆ, ಮತ್ತು ಆ ಸಮ್ಮತಿಯನ್ನು ಅವರ ಪರವಾಗಿ ನೀವು ಕೊಡಲು ಬರುವುದಿಲ್ಲ. ಈಗಾಗಲೇ ಏನಾದರೂ ಕೊಟ್ಟಿದ್ದರೆ ಅಳಿಸಿಹಾಕುವಂತೆ ಕಂಪನಿಗೆ ಬರಹದಲ್ಲಿ ಕೇಳಿ, ಉತ್ತರವನ್ನೂ ಬರಹದಲ್ಲೇ ಪಡೆಯಿರಿ, ಗುಂಪಿನವರಿಗೆ ಇಂದೇ ವಿಷಯ ತಿಳಿಸಿ.